ರಸಬಾಳೆಯ ಊರಿಗೆ ಒಂದು ದಿನ

(ಮೈಸೂರಿನ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಮೈಸೂರಿನಲ್ಲಿ ನಿಂತು ನಂಜನಗೂಡಿನ ಬಗ್ಗೆ ಮಾತನಾಡುವವನಿಗೆ ಒಂದು ಕಷ್ಟವಿದೆ. ಇಲ್ಲಿ ಕುಳಿತಿರುವ ಪ್ರತಿಯೊಬ್ಬರೂ ಆ ಊರಿಗೆ ಹೋಗಿ ಬಂದವರೇ. ಹರಕೆ ತೀರಿಸಲು, ಮಗುವಿನ ಮುಡಿ ಕೊಡಲು, ದೊಡ್ಡ ಜಾತ್ರೆಯ ತೇರು ನೋಡಲು, ಏನೂ ಇಲ್ಲದಿದ್ದರೆ ಊಟಿಗೆ ಹೋಗುವ ದಾರಿಯಲ್ಲಿ ಗೋಪುರಕ್ಕೆ ಒಮ್ಮೆ ಕೈಮುಗಿಯಲು ನಾವೆಲ್ಲ ಅಲ್ಲಿ ನಿಂತಿದ್ದೇವೆ. ಹಾಗೆ ಹೋದವರಲ್ಲಿ ಹೆಚ್ಚಿನವರು ಗುಡಿಯೊಳಗೆ ಒಂದು ಗಂಟೆ, ಹೊರಗೆ ಅರ್ಧ ಗಂಟೆ ಕಳೆದು, ಹೊರಡುವ ಮೊದಲು ಗಾಡಿಯವರ ಬಳಿ ರಸಬಾಳೆ ಇದೆಯೇ ಎಂದು ಕೇಳುತ್ತೇವೆ. ಅವರು ಕೊಟ್ಟ ಹಣ್ಣನ್ನು ರಸಬಾಳೆಯೆಂದೇ ನಂಬಿ ಮನೆಗೆ ತರುತ್ತೇವೆ. ಅದು ರಸಬಾಳೆ ಆಗಿರುವ ಸಂಭವ ಈಗ ಬಹಳ ಕಡಿಮೆ.

ಜಾತ್ರೆಯೂ ಹುಣ್ಣಿಮೆಯೂ ಸೋಮವಾರವೂ ಇಲ್ಲದ ಒಂದು ಸಾಧಾರಣ ದಿನ ಆ ಊರಿಗೆ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಇದ್ದು ಬರಬೇಕು ಎಂಬುದು ಇಂದು ನಾನು ತಮ್ಮ ಮುಂದಿಡಬೇಕೆಂದಿರುವ ಮಾತು. ಹಾಗೆ ಇದ್ದಾಗ ಮಾತ್ರ ಅಲ್ಲಿನ ಹೊಳೆಯೂ ಮಣ್ಣೂ ಬಾಳೆಯೂ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ಕಣ್ಣಿಗೆ ಬೀಳುತ್ತದೆ. ಆ ಹೊಂದಿಕೆಯಿಂದ ಬಾಳೆ ಹೇಗೆ ಕಳಚಿಕೊಳ್ಳುತ್ತಿದೆ ಎಂಬುದೂ ಕಾಣುತ್ತದೆ. ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ಬಾಳೆಯ ಸೊರಗು ರೋಗದ ಬಗ್ಗೆ ಪ್ರತಿವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದವನು. ಇಪ್ಪತ್ತೈದು ಕಿಲೋಮೀಟರಿನೊಳಗೆ ಆ ರೋಗ ಒಂದು ಊರಿನ ಹೆಸರನ್ನೇ ತಿನ್ನುತ್ತಿದ್ದುದನ್ನು ಹೋಗಿ ನೋಡಿದ್ದು ಮಾತ್ರ ನಿವೃತ್ತನಾದ ಮೇಲೆ. ಆ ತಡವೇ ನನ್ನನ್ನು ಇಂದು ಮಾತನಾಡಿಸುತ್ತಿದೆ.

ನಂಜನಗೂಡಿಗೆ ರೈಲಿನಲ್ಲಿ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರಸ್ತೆ ಅಗಲವಾಗಿದೆ, ಬಸ್ಸುಗಳು ಬೇಕಾದಷ್ಟಿವೆ, ಬೇಗನೂ ತಲುಪುತ್ತವೆ. ಆದರೆ ಕಡಕೊಳ, ತಾಂಡವಪುರ ದಾಟಿ ಚಾಮರಾಜನಗರದ ಕಡೆಗೆ ಸಾಗುವ ಗಾಡಿಯಲ್ಲಿ ಕುಳಿತರೆ, ಕಾರ್ಖಾನೆಗಳ ಸಾಲು ಮುಗಿದು ತೆಂಗು, ಗದ್ದೆ, ಬಾಳೆ ಶುರುವಾಗುವ ಜಾಗವನ್ನು ಕಿಟಕಿಯಿಂದ ನೋಡಬಹುದು. ನಾನು ಚಿಕ್ಕವನಾಗಿದ್ದಾಗ ಇದು ಮೀಟರ್ ಗೇಜ್ ಹಳಿ. ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಳೆ ಬಂತು ಎನ್ನುವಾಗ ಎದ್ದು ನಿಲ್ಲಿಸಿ, ಸೆರಗಿನ ಗಂಟಿನಿಂದ ಒಂದು ಕಾಸು ತೆಗೆದು ನನ್ನ ಕೈಯಲ್ಲಿ ಇಟ್ಟು ಕಿಟಕಿಯಿಂದ ನೀರಿಗೆ ಹಾಕಿಸುತ್ತಿದ್ದಳು. ಆಗ ಗಾಡಿ ದಾಟುತ್ತಿದ್ದುದು ಹಳೆಯ ಕಲ್ಲಿನ ಸೇತುವೆಯನ್ನು. ದಳವಾಯಿ ದೇವರಾಜಯ್ಯನವರ ಕಾಲದ್ದು, 1735ರಲ್ಲಿ ಕಟ್ಟಿದ್ದು ಎಂದು ಹೇಳಲಾಗುವ ಆ ಸೇತುವೆಯ ಮೇಲೆ, ಎತ್ತಿನ ಗಾಡಿಗಾಗಿ ಕಟ್ಟಿದ ಕಮಾನುಗಳ ಮೇಲೆಯೇ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಹಳಿ ಬಂದಿತು. ರಸ್ತೆಯೂ ರೈಲೂ ಒಂದೇ ಸೇತುವೆಯನ್ನು ಹಂಚಿಕೊಂಡು ಬಹುಕಾಲ ನಡೆದವು. ಹಳಿ ಅಗಲವಾದ ಮೇಲೆ ರೈಲಿಗೆ ಬೇರೆ ಸೇತುವೆಯಾಯಿತು, ಹಳೆಯದು ಪರಂಪರೆಯ ಕಟ್ಟಡವಾಗಿ ಉಳಿಯಿತು. ಹೊಸ ಸೇತುವೆಯ ಮೇಲೆ ಹೋಗುವಾಗ ಅದು ಪಕ್ಕದಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡಕ್ಕೆ ನಡೆದುಹೋಗಿ ಅದರ ಕಮಾನುಗಳನ್ನು ಕೆಳಗಿನಿಂದ ನೋಡಬೇಕು. ಇಷ್ಟು ಪ್ರವಾಹ ಕಂಡ ಕಲ್ಲುಗಳು ಇನ್ನೂ ಒಂದರ ಮೇಲೊಂದು ಕುಳಿತಿರುವ ರೀತಿ ಕೆಳಗೆ ನಿಂತಾಗ ಅರ್ಥವಾಗುತ್ತದೆ.

ಗುಡಿಯ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ, ತಮಗೆ ಗೊತ್ತಿರುವುದೇ ಅದು. 385 ಅಡಿ ಉದ್ದ, 160 ಅಡಿ ಅಗಲದ ಶ್ರೀಕಂಠೇಶ್ವರ ದೇವಾಲಯ ನಮ್ಮ ನಾಡಿನ ಅತಿ ದೊಡ್ಡ ಗುಡಿಗಳಲ್ಲಿ ಒಂದು. ಏಳು ಅಂತಸ್ತಿನ ಗೋಪುರವನ್ನು 1845ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದರು. ಒಳಗೆ ಪ್ರದಕ್ಷಿಣೆಯಲ್ಲಿ ಅರವತ್ತಮೂರು ಪುರಾತನರ ಶಿಲಾಮೂರ್ತಿಗಳು ಸಾಲಾಗಿ ನಿಂತಿವೆ. ಜನಸಂದಣಿ ಇಲ್ಲದ ದಿನ ಹೋದರೆ ಒಬ್ಬೊಬ್ಬರ ಮುಖವನ್ನೂ ನಿಂತು ನೋಡಬಹುದು, ಸೋಮವಾರ ಆ ಭಾಗ್ಯವಿಲ್ಲ. ತನ್ನ ಪಟ್ಟದಾನೆಯ ಕಣ್ಣುಬೇನೆ ಇಲ್ಲಿನ ಹರಕೆಯಿಂದ ವಾಸಿಯಾಯಿತೆಂದು ಟಿಪ್ಪು ಸುಲ್ತಾನ ದೇವರಿಗೆ ಪಚ್ಚೆಯ ಲಿಂಗವನ್ನು ಒಪ್ಪಿಸಿ ಹಕೀಂ ನಂಜುಂಡ ಎಂದು ಕರೆದನೆಂಬ ಐತಿಹ್ಯವನ್ನು ಊರಿನವರು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ನಂಜನ್ನು ಉಂಡವನೇ ವೈದ್ಯನೂ ಆಗಿರುವ ಊರು ಇದು. ಅದೇ ಊರಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಆರಂಭಿಸಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿಯ ಗುಲಾಬಿ ಬಣ್ಣ ನನ್ನ ವಯಸ್ಸಿನವರ ಬೆರಳ ತುದಿಯಲ್ಲಿ ಇನ್ನೂ ಇದೆ. ಹಣ್ಣು, ಹಲ್ಲುಪುಡಿ, ದೇವರು ಎಂದು ಮೂರು ವಿಷಯಕ್ಕೆ ಕರ್ನಾಟಕದ ಮೂಲೆಮೂಲೆಯಲ್ಲಿ ಹೆಸರಾದ ಇಷ್ಟು ಸಣ್ಣ ಊರು ಇನ್ನೊಂದು ನನಗೆ ತಿಳಿದಿಲ್ಲ.

ಗುಡಿಯಿಂದ ಹೊರಬಂದ ಮೇಲೆ ಹೊಳೆಯ ಕಡೆಗೆ ತಿರುಗಬೇಕು. ಬೆಳಗಿನ ಹೊತ್ತು ಸ್ನಾನಘಟ್ಟದಲ್ಲಿ ಒಂದಷ್ಟು ಜನ ಇರುತ್ತಾರೆ, ಹತ್ತು ಗಂಟೆಯ ಮೇಲೆ ಖಾಲಿ. ಕಪಿಲೆ ಎಂದು ನಾವು ಕರೆಯುವ ಕಬಿನಿ ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಕಾಡಿನ ಅಂಚಿನಲ್ಲಿ ಇಳಿದು, ನುಗುವನ್ನು ಸೇರಿಸಿಕೊಂಡು ಇಲ್ಲಿಗೆ ಬರುತ್ತದೆ. ಗುಂಡ್ಲುಪೇಟೆ ಕಡೆಯಿಂದ ಬರುವ ಕೌಂಡಿನ್ಯಾ, ಅಂದರೆ ನಮ್ಮ ಗುಂಡ್ಲುಹೊಳೆ, ಇಲ್ಲಿಯೇ ಅದನ್ನು ಕೂಡುತ್ತದೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಎಲ್ಲವೂ ಕಾವೇರಿಯ ಪಾಲು. ನೀರು ಕಡಿಮೆ ಇರುವ ದಿನಗಳಲ್ಲಿ ಹದಿನಾರು ಕಾಲು ಮಂಟಪದ ಬಳಿ ನಿಂತರೆ ಇದೊಂದು ಸೌಮ್ಯವಾದ ಹೊಳೆ ಎನಿಸುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಆ ಮಂಟಪವನ್ನು ನೀರು ಮುಳುಗಿಸಿತು, ಮೈಸೂರಿನ ರಸ್ತೆಯ ಮೇಲೆ ಹರಿಯಿತು. ವಯನಾಡಿನಲ್ಲಿ ಮೂರು ದಿನ ಬಿಡದೆ ಮಳೆ ಸುರಿದರೆ ನಂಜನಗೂಡಿನ ಅಂಗಡಿಯವರು ಸಾಮಾನು ಎತ್ತಿಡುತ್ತಾರೆ. ಕಬಿನಿಗೆ ಕಟ್ಟಿದ ಬೀಚನಹಳ್ಳಿಯ ಅಣೆಕಟ್ಟೆಯಿಂದ ಎಷ್ಟು ಸಾವಿರ ಕ್ಯೂಸೆಕ್ ಬಿಟ್ಟರು ಎಂಬುದು ಆ ದಿನಗಳಲ್ಲಿ ಪ್ರತಿ ಹೋಟೆಲಿನ ಮಾತು.

ಒಂದು ನೋವಿನ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಯಲ್ಲಿಯೇ ಬಿಟ್ಟುಹೋದರೆ ಪಾಪ ಕಳೆಯುತ್ತದೆ ಎಂಬ ನಂಬಿಕೆಯಿಂದ ದಡದ ಕಲ್ಲುಗಳಿಗೆ ಸೀರೆ, ಪಂಚೆ, ಅಂಗಿಗಳು ಸುತ್ತಿಕೊಂಡು ಕೊಳೆಯುತ್ತಿರುವುದನ್ನು ಪ್ರತಿ ಬಾರಿಯೂ ನೋಡಿದ್ದೇನೆ. ನನ್ನ ಅಜ್ಜಿ ಕಾಸು ಹಾಕಿಸಿದಳೇ ಹೊರತು ಬಟ್ಟೆ ಬಿಡಲಿಲ್ಲ. ನಂಜುಂಡ ನಮ್ಮ ವಿಷವನ್ನು ನುಂಗಿಕೊಳ್ಳಲಿ ಎಂದು ಬೇಡಿಕೊಂಡು ಬಂದವರು ಅವನ ಹೊಳೆಗೆ ಅದನ್ನು ಕೊಟ್ಟುಹೋಗುವುದು ಭಕ್ತಿಯೆಂದು ನನಗೆ ಎಂದೂ ಅನಿಸಿಲ್ಲ.

ಈ ಹೊಳೆ ಇಲ್ಲದೆ ಈ ಬಾಳೆ ಇಲ್ಲ. ಶತಶತಮಾನಗಳ ಪ್ರವಾಹ ತಂದು ಹಾಕಿದ ಮೆಕ್ಕಲು, ಕಪ್ಪು ಜೇಡಿ ಬೆರೆತ ಮಣ್ಣು, ಅದರಲ್ಲಿರುವ ತುಸು ಸವಳು, ಹುಲ್ಲಹಳ್ಳಿ ಮತ್ತು ರಾಂಪುರದ ಅಣೆಕಟ್ಟುಗಳ ಹಳೆಯ ನಾಲೆಗಳಿಂದ ವರ್ಷವಿಡೀ ಸಿಗುತ್ತಿದ್ದ ನೀರು, ಇವೆಲ್ಲ ಸೇರಿ ಇಲ್ಲಿನ ರಸಬಾಳೆಗೆ ಆ ರುಚಿ ಕೊಟ್ಟವು ಎಂದು ಬೆಳೆಗಾರರು ನಂಬುತ್ತಾರೆ, ನಾನೂ ನಂಬುತ್ತೇನೆ. ಏಕೆಂದರೆ ತಳಿಯಾಗಿ ನೋಡಿದರೆ ರಸಬಾಳೆ ನಂಜನಗೂಡಿನದು ಮಾತ್ರವಲ್ಲ. ತಮಿಳುನಾಡಿನ ರಸ್ತಾಳಿ, ಆಂಧ್ರದ ಅಮೃತಪಾಣಿ, ಬಂಗಾಳದ ಮರ್ತಮಾನ್, ಬಿಹಾರದ ಮಾಲಭೋಗ್ ಎಲ್ಲವೂ ಇದರ ಒಡಹುಟ್ಟುಗಳು. ಸಸ್ಯಶಾಸ್ತ್ರಜ್ಞರು ಇವನ್ನೆಲ್ಲ ಸಿಲ್ಕ್ ಎಂಬ ಒಂದೇ ಗುಂಪಿನಲ್ಲಿ ಇಡುತ್ತಾರೆ. ಎರಡು ಕಾಡುಬಾಳೆಗಳು ಎಂದೋ ಕೂಡಿ ಹುಟ್ಟಿದ ಮಿಶ್ರತಳಿ ಇದು. ಆದರೂ ಈ ಹೊಳೆಯ ದಡದಲ್ಲಿ ಬೆಳೆದ ಹಣ್ಣಿಗೆ ಊರಿನ ಹೆಸರು ಅಂಟಿಕೊಂಡಿತು, ಅದೂ ಕಾನೂನಿನ ಬಲದೊಂದಿಗೆ: 2005–06ರ ಸಾಲಿನಲ್ಲಿ ನಂಜನಗೂಡು ಬಾಳೆಗೆ ಭೌಗೋಳಿಕ ಸೂಚಿಕೆಯ, ಅಂದರೆ ಊರಿನ ಹೆಸರನ್ನು ಬೇರೆ ಕಡೆಯ ಬೆಳೆಗೆ ಬಳಸದಂತೆ ಕಾಯುವ ಗುರುತಿನ, ಮಾನ್ಯತೆ ದೊರೆಯಿತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳಿಗೂ ಅದೇ ಸುಮಾರಿನಲ್ಲಿ ಮಾನ್ಯತೆ ಬಂದಿತು. ಒಂದು ತಾಂಬೂಲದ ತಟ್ಟೆಯನ್ನೇ ಕಾನೂನು ಗುರುತಿಸಿದಂತಾಯಿತು.

ಹಣ್ಣನ್ನು ತಿಂದಿಲ್ಲದ ಕಿರಿಯರಿಗಾಗಿ ಒಂದೆರಡು ಮಾತು. ಕಳಿತ ರಸಬಾಳೆಯ ಸಿಪ್ಪೆ ಕಾಗದದಷ್ಟು ತೆಳು, ಬಂಗಾರದ ಹಳದಿ. ಒಳಗಿನ ತಿರುಳು ಏಲಕ್ಕಿ ಬಾಳೆಯಂತೆ ಕೆನೆಬಣ್ಣದ್ದಲ್ಲ, ಬೆಳ್ಳಗೆ. ಬಾಯಲ್ಲಿ ಇಟ್ಟರೆ ಸಿಹಿ ಮೊದಲು ಬರುತ್ತದೆ, ಅದರ ಹಿಂದೆಯೇ ಒಂದು ಎಳೆ ಹುಳಿ ಬರುತ್ತದೆ, ಆ ಹುಳಿಯೇ ಇನ್ನೊಂದು ಹಣ್ಣಿಗೆ ಕೈ ಚಾಚುವಂತೆ ಮಾಡುತ್ತದೆ. ಕೋಣೆಯಲ್ಲಿ ಒಂದು ಚಿಪ್ಪು ಇದ್ದರೆ ಮನೆಗೆ ಬಂದವರಿಗೆ ಬಾಗಿಲಲ್ಲಿಯೇ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಇದನ್ನು ಹೆಚ್ಚಿ ರಸಾಯನ ಮಾಡುತ್ತಿರಲಿಲ್ಲ. ಬೆಲ್ಲವೂ ಕಾಯಿಹಾಲೂ ಬೇಡದ ಹಣ್ಣು ಇದು ಎಂದು ಅಜ್ಜಿ ಹೇಳುತ್ತಿದ್ದಳು. ಹಣ್ಣಿನ ದೋಷಗಳನ್ನೂ ಹೇಳಬೇಕು. ಪೂರ್ತಿ ಹಣ್ಣಾದ ಮೇಲೆ ಕಾಯಿಗಳು ಚಿಪ್ಪಿನಿಂದ ತಾವಾಗಿಯೇ ಉದುರುತ್ತವೆ, ಆದ್ದರಿಂದ ದೂರದ ಪೇಟೆಗೆ ಸಾಗಿಸುವುದು ಕಷ್ಟ. ಕೆಲವೊಮ್ಮೆ ತಿರುಳಿನಲ್ಲಿ ಗಟ್ಟಿಯಾದ ಗಂಟುಗಳು ಸಿಗುತ್ತವೆ. ಬೆಳೆ ಕೈಗೆ ಬರಲು ಹದಿಮೂರು ಹದಿನಾಲ್ಕು ತಿಂಗಳು ಕಾಯಬೇಕು. ಈ ಕಷ್ಟಗಳನ್ನೆಲ್ಲ ರೈತರು ಹಣ್ಣಿನ ಬೆಲೆಗಾಗಿ, ಹೆಸರಿಗಾಗಿ ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಸೊರಗು ರೋಗ.

ಪನಾಮ ರೋಗ ಎಂದು ಅದನ್ನು ಕರೆಯುತ್ತಾರೆ, ಪನಾಮದ ಬಾಳೆತೋಟಗಳನ್ನು ನಾಶಮಾಡಿ ಹೆಸರಾದ ಕಾರಣಕ್ಕೆ. ಆದರೆ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದ್ದು 1870ರ ದಶಕದಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ. ಅಲ್ಲಿ ಸೊರಗಿದ್ದುದು ಸಕ್ಕರೆ ಬಾಳೆ ಎಂದು ಅವರು ಕರೆಯುತ್ತಿದ್ದ ತಳಿ, ಅಂದರೆ ನಮ್ಮ ರಸಬಾಳೆಯ ಗುಂಪಿನದೇ. ಈ ಬಾಳೆಗೂ ಈ ರೋಗಕ್ಕೂ ಅಷ್ಟು ಹಳೆಯ ಸಂಬಂಧ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನ ಮೂಲಕ ಒಳಹೊಕ್ಕು, ನೀರು ಮೇಲೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ. ನಂತರ ಎಲೆಗಳು ತೊಟ್ಟಿನ ಬಳಿ ಮುರಿದು ಕಾಂಡದ ಸುತ್ತ ಲಂಗದಂತೆ ಜೋತುಬೀಳುತ್ತವೆ. ಸುಳಿ ಮಾತ್ರ ಕೊನೆಯವರೆಗೆ ಹಸಿರಾಗಿ ನೆಟ್ಟಗೆ ನಿಂತಿರುತ್ತದೆ. ಕಾಂಡದ ಬುಡ ಸೀಳುತ್ತದೆ. ಕತ್ತರಿಸಿ ನೋಡಿದರೆ ಬೆಳ್ಳಗಿರಬೇಕಾದ ಒಳಭಾಗದಲ್ಲಿ ಕೆಂಗಂದು ಗೆರೆಗಳು. ತೋಟದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುವ ರೋಗ ಇದು. ಹೊಳೆಯ ದಡದ ಊರಿನಲ್ಲಿ ಅದನ್ನು ನೋಡುವುದು ಇನ್ನೂ ಕಷ್ಟ.

ಇದಕ್ಕೆ ಸಿಂಪಡಿಸಿ ವಾಸಿಮಾಡುವ ಔಷಧವಿಲ್ಲ. ಶಿಲೀಂಧ್ರದ ಬೀಜಕಣಗಳು ಬಾಳೆ ಇಲ್ಲದಿದ್ದರೂ ಹತ್ತಾರು ವರ್ಷ ಮಣ್ಣಿನಲ್ಲಿ ಬದುಕಿರುತ್ತವೆ. ಅವು ಪಯಣಿಸುವ ದಾರಿಗಳನ್ನು ಗಮನಿಸಿದರೆ ನಮಗೆ ದಿಗಿಲಾಗಬೇಕು, ಏಕೆಂದರೆ ಅವೆಲ್ಲವೂ ನಾವು ಒಳ್ಳೆಯವೆಂದು ಮಾಡಿದ ಕೆಲಸಗಳೇ. ನೆರೆಯವನ ತೋಟದಲ್ಲಿ ಹಣ್ಣು ಚೆನ್ನಾಗಿದೆಯೆಂದು ಅಲ್ಲಿಂದ ಕಂದು, ಅಂದರೆ ಬುಡದಿಂದ ಒಡೆದ ಮರಿ, ತಂದು ನೆಡುತ್ತೇವೆ. ಕಂದಿನ ಗಡ್ಡೆಯೊಳಗೆ ರೋಗವೂ ಬರುತ್ತದೆ. ಒಂದೇ ನಾಲೆಯ ನೀರು ಹತ್ತು ತೋಟ ಹಾದುಹೋಗುತ್ತದೆ. ಒಂದೇ ಗುದ್ದಲಿ, ಒಂದೇ ಕುಡುಗೋಲು, ಒಂದೇ ಟ್ರ್ಯಾಕ್ಟರು ಊರೆಲ್ಲ ಸುತ್ತುತ್ತದೆ. ಹೊಲಕ್ಕೆ ಹೊಲ ಅಂಟಿಕೊಂಡಿರುವುದು, ನೀರು ಹಂಚಿಕೊಳ್ಳುವುದು, ಕಂದು ಕೊಟ್ಟು ತೆಗೆದುಕೊಳ್ಳುವುದು ನಮ್ಮ ಹಳ್ಳಿಯ ಸೌಹಾರ್ದ. ಆ ಸೌಹಾರ್ದದ ದಾರಿಯಲ್ಲಿಯೇ ರೋಗ ಮನೆಮನೆಗೆ ನಡೆಯಿತು. 1974ರಲ್ಲಿ ಕಬಿನಿ ಜಲಾಶಯ ಪೂರ್ಣಗೊಂಡು ನಾಲೆಗಳ ಜಾಲ ಹರಡಿದ ಮೇಲೆ ನೀರಿನ ಭರವಸೆ ಹೆಚ್ಚಿ, ಒಂದೇ ಜಾಗದಲ್ಲಿ ಮೇಲಿಂದ ಮೇಲೆ ಬಾಳೆ ಇಡುವುದು, ಕೊಯ್ದ ಬುಡದಿಂದಲೇ ಮತ್ತೆ ಬೆಳೆ ತೆಗೆಯಲು ಕೂಳೆ ಬಿಡುವುದು ಸುಲಭವಾಯಿತು. ನೀರು ಬಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ; ಆ ನೀರಿನಿಂದ ಎಷ್ಟೋ ಮನೆಗಳು ಊಟ ಕಂಡಿವೆ. ಮಣ್ಣಿಗೆ ಬಿಡುವು ಸಿಗಲಿಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನೂ ಆಳದ ಕಾರಣವೊಂದಿದೆ. ನಾವು ತಿನ್ನುವ ಬಾಳೆಗೆ ಬೀಜವಿಲ್ಲ. ಆದ್ದರಿಂದ ಪ್ರತಿ ಗಿಡವೂ ತಾಯಿಗಿಡದ ತುಂಡು, ಅದರ ತದ್ರೂಪು. ನಂಜನಗೂಡಿನ ಒಂದು ರಸಬಾಳೆ ಗಿಡಕ್ಕೆ ತಡೆದುಕೊಳ್ಳಲಾಗದ ರೋಗವನ್ನು ಇನ್ನೊಂದು ಗಿಡ ತಡೆದುಕೊಳ್ಳುವ ಸಂಭವವೇ ಇಲ್ಲ, ಏಕೆಂದರೆ ಅದು ಇನ್ನೊಂದು ಗಿಡವೇ ಅಲ್ಲ. ರಾಗಿಯ ಹೊಲದಲ್ಲಿ ರೋಗ ಬಿದ್ದರೆ ಎಲ್ಲೋ ಒಂದು ತೆನೆ ಗೆದ್ದು ನಿಲ್ಲುತ್ತದೆ, ರೈತ ಅದನ್ನು ಬಿತ್ತನೆಗೆ ಎತ್ತಿಡುತ್ತಾನೆ; ಬಾಳೆಯಲ್ಲಿ ಆ ಆಯ್ಕೆ ಇಲ್ಲ. ಇಡೀ ಜಗತ್ತು ತಿನ್ನುತ್ತಿದ್ದ ಗ್ರೋ ಮಿಶೆಲ್ ಎಂಬ ಬಾಳೆಗೂ ಇದೇ ಆಯಿತು. ಇದೇ ರೋಗದಿಂದ 1950–60ರ ದಶಕಗಳ ಹೊತ್ತಿಗೆ ಅದರ ವ್ಯಾಪಾರವೇ ನಿಂತು, ಅದರ ಜಾಗಕ್ಕೆ ಕ್ಯಾವೆಂಡಿಷ್ ಬಂದಿತು. ಈಗ ನಮ್ಮ ಪೇಟೆಗಳಲ್ಲಿ ಕಾಣುವ ಉದ್ದನೆಯ ಜಿ–9 ಪಚ್ಚಬಾಳೆ ಆ ಕ್ಯಾವೆಂಡಿಷ್ ಕುಟುಂಬದ್ದೇ. ಹಳೆಯ ಬಗೆಯ ಸೊರಗು ರೋಗವನ್ನು ಅದು ತಡೆದುಕೊಂಡಿತು. ಆದರೆ ಅದನ್ನೂ ಕೊಲ್ಲುವ ಹೊಸ ಬಗೆಯೊಂದು ಬಿಹಾರ, ಉತ್ತರ ಪ್ರದೇಶಗಳ ತೋಟಗಳಿಗೆ ಈಗಾಗಲೇ ಬಂದಿದೆ. ಆದ್ದರಿಂದ ರಸಬಾಳೆಯ ಕಥೆಯನ್ನು ಒಂದು ಊರಿನ ದುಃಖವೆಂದು ಪಕ್ಕಕ್ಕಿಡಲು ಬರುವುದಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಊರಿನಿಂದ ಹೊರಗೆ ದೇವರಸನಹಳ್ಳಿಯ ಕಡೆಗೆ ಹೋಗಬೇಕು. ರಸಬಾಳೆಗೆ ಹಿಂದಿನಿಂದ ಹೆಸರಾದ ಹಳ್ಳಿ ಅದು. ದಾರಿಯ ಎರಡೂ ಬದಿಗೆ ಬಾಳೆ ಇದ್ದೇ ಇದೆ, ಆದರೆ ಅದು ಏಲಕ್ಕಿ, ಪಚ್ಚಬಾಳೆ, ಕೇರಳದ ಪೇಟೆಗೆ ಹೋಗುವ ನೇಂದ್ರ. ಇವುಗಳ ಬಗ್ಗೆ ನನಗೆ ಬೇಸರವಿಲ್ಲ. ರೈತ ಬದುಕಬೇಕು, ಮನೆ ನಡೆಯಬೇಕು. ರಸಬಾಳೆಯನ್ನು ಹುಡುಕಿ ಹೋಗಬೇಕಾಗುತ್ತದೆ. ನನ್ನನ್ನು ಪರಿಚಯದ ಒಬ್ಬರು ಒಂದು ತೋಟಕ್ಕೆ ಕರೆದುಕೊಂಡು ಹೋದರು. ತೋಟದ ಯಜಮಾನರು ನನಗಿಂತ ಹತ್ತು ವರ್ಷ ಕಿರಿಯರು. ಬೇಲಿಯ ಬಳಿ ನನ್ನನ್ನು ತಡೆದು ನಿಲ್ಲಿಸಿ, "ಮೇಷ್ಟ್ರೇ, ಚಪ್ಲಿ ಅಲ್ಲೇ ಬುಡಿ, ಕಾಲ್ ತೊಳ್ಕಂಡು ಬನ್ನಿ" ಎಂದರು. ಬಾಗಿಲಲ್ಲಿ ಒಂದು ಬಕೆಟ್ ನೀರು, ಅದರಾಚೆ ನೆಲದ ಮೇಲೆ ಸುಣ್ಣದ ಪುಡಿ. ಗುಡಿಯ ಮುಂದೆ ಬೆಳಿಗ್ಗೆ ಒಮ್ಮೆ ಚಪ್ಪಲಿ ಬಿಟ್ಟಿದ್ದೆ, ಇಲ್ಲಿ ಎರಡನೆಯ ಬಾರಿ ಬಿಟ್ಟೆ. ಬೇರೆ ಯಾರದೋ ತೋಟದ ಮಣ್ಣು ನನ್ನ ಅಟ್ಟೆಗೆ ಅಂಟಿಕೊಂಡು ಒಳಗೆ ಬರಬಾರದೆಂಬ ಎಚ್ಚರ ಅದು. ನಾನು ಪಾಠದಲ್ಲಿ ಹೇಳುತ್ತಿದ್ದುದನ್ನು ಅವರು ನಡೆದು ತೋರಿಸುತ್ತಿದ್ದರು.

ಅವರು ಬಾಳೆ ಇಟ್ಟಿದ್ದುದು ಸ್ವಲ್ಪವೇ ಜಾಗದಲ್ಲಿ. ಹಿಂದೆ ಎರಡು ಬಾರಿ ಪೂರ್ತಿ ಬೆಳೆ ಕಳೆದುಕೊಂಡವರು. ಎರಡನೆಯ ಬಾರಿ ಗೊನೆ ಹೊಡೆದ ಮೇಲೆ ಗಿಡಗಳು ಸೊರಗಿದವು; ಸಾಲ ಉಳಿಯಿತು. ಮನೆಯವರೆಲ್ಲ ಇನ್ನು ರಸಬಾಳೆಯ ಸಹವಾಸ ಬೇಡವೆಂದರು. ಹಲವು ವರ್ಷ ಭತ್ತ ಇಟ್ಟರು. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಶಿಲೀಂಧ್ರದ ಬಲ ಕುಗ್ಗುತ್ತದೆ ಎಂಬುದನ್ನು ತಜ್ಞರು ಹೇಳುತ್ತಾರೆ. ಇವರಿಗೆ ಅದು ಮೊದಲು ತಿಳಿದದ್ದು ತಮ್ಮ ಮಾವನವರಿಂದ, ಗದ್ದೆ ಒಡೆದು ಹಾಕಿದ ಬಾಳೆ ಚೆನ್ನಾಗಿ ಬರುತ್ತದೆ ಎಂಬ ಹಳೆಯ ಅನುಭವದ ಮಾತಾಗಿ. ಆ ಬಳಿಕ ಊರಿನ ಕಂದನ್ನು ಮುಟ್ಟದೆ, ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗವಿಲ್ಲದ ಸಸಿ ತಂದು, ಗುಣಿಗೆ ಬೇವಿನ ಹಿಂಡಿಯನ್ನೂ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರ ಬೆರೆಸಿದ ಕೊಟ್ಟಿಗೆ ಗೊಬ್ಬರವನ್ನೂ ಹಾಕಿ ಮತ್ತೆ ನೆಟ್ಟರು. ನಾಲೆಯ ನೀರನ್ನು ಆ ತುಂಡಿಗೆ ಹಾಯಿಸುವುದಿಲ್ಲ, ಕೊಳವೆಬಾವಿಯ ನೀರನ್ನು ಹನಿಯಾಗಿ ಕೊಡುತ್ತಾರೆ. ಅದಕ್ಕೆಂದೇ ಬೇರೆ ಗುದ್ದಲಿ, ಬೇರೆ ಕುಡುಗೋಲು. ಒಂದು ಗಿಡದ ಎಲೆ ಹಳದಿಯಾದರೂ ಅದನ್ನು ಅಲ್ಲಿಯೇ ಸುಟ್ಟು, ಗುಣಿಗೆ ಸುಣ್ಣ ತುಂಬುತ್ತಾರೆ. ತಾವು ಒಬ್ಬರೇ ಹೀಗೆ ಮಾಡಿದರೆ ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದೆ. ಪಕ್ಕದ ತೋಟದವರೂ ಕೈಕಾಲು ತೊಳೆಯಲು ಶುರುಮಾಡಿದ್ದಾರೆ ಎಂದರು.

ಭೌಗೋಳಿಕ ಸೂಚಿಕೆಯಿಂದ ತಮಗೆ ಏನಾಯಿತು ಎಂದು ಅವರನ್ನು ಕೇಳಿದಾಗ ಬಂದ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿದೆ. ಹೆಸರನ್ನು ಯಾರೂ ಕದಿಯಬಾರದೆಂದು ಕಾಗದ ಮಾಡಿಕೊಟ್ಟರು, ಗಿಡವನ್ನು ಕದ್ದದ್ದು ಮಣ್ಣೊಳಗಿನ ಹುಳು ಎಂದರು. ಹುಳುವಲ್ಲ, ಶಿಲೀಂಧ್ರ ಎಂದು ತಿದ್ದಲು ನನಗೆ ಮನಸ್ಸಾಗಲಿಲ್ಲ. ಅವರ ಮಾತು ಸರಿ. ಕಾಗದ ಬೇಕು, ಅದಿಲ್ಲದಿದ್ದರೆ ಎಲ್ಲಿಯದೋ ರಸ್ತಾಳಿ ನಂಜನಗೂಡಿನ ಹೆಸರಿನಲ್ಲಿ ಮಾರಾಟವಾಗುವುದನ್ನು ಪ್ರಶ್ನಿಸಲು ಆಧಾರವೇ ಇರುವುದಿಲ್ಲ. ಆದರೆ ಕಾಗದ ಕಾಯುವುದು ಹೆಸರನ್ನು. ಗಿಡವನ್ನು ಕಾಯಲು ಶುದ್ಧವಾದ ಸಸಿ, ಬಿಡುವು ಪಡೆದ ಮಣ್ಣು, ಬೆಳೆ ಹೋದ ವರ್ಷ ಕೈಹಿಡಿಯುವ ನೆರವು, ಕೊನೆಗೆ ಆ ಹಣ್ಣನ್ನು ಗುರುತಿಸಿ ಅದರ ಬೆಲೆ ಕೊಟ್ಟು ಕೊಳ್ಳುವ ಜನ ಬೇಕು. ತೋಟಗಾರಿಕೆ ಇಲಾಖೆಯವರು ಸಸಿಗೂ ಬೆಳೆಗೂ ಸಹಾಯಧನ ಕೊಟ್ಟು ಉತ್ತೇಜಿಸಿದ್ದಾರೆ. ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಆರಂಭವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳು ಈ ರೋಗದ ಮೇಲೆ ಕೆಲಸ ಮಾಡುತ್ತಿವೆ. ಕೊನೆಯ ಕೆಲಸ, ಅಂದರೆ ಹಣ್ಣನ್ನು ಗುರುತಿಸುವುದು, ನಮ್ಮ ಪಾಲಿನದು. ಅದನ್ನು ನಾವು ಮಾಡಿಲ್ಲ.

ಆದ್ದರಿಂದ ಹೋಗುವವರಿಗೆ ಕೆಲವು ವಿನಂತಿಗಳಿವೆ. ಗಾಡಿಯಲ್ಲಿ ರಸಬಾಳೆ ಎಂದು ಕೊಟ್ಟರೆ ಒಂದು ಹಣ್ಣು ಬಿಡಿಸಿ ನೋಡಿ: ಸಿಪ್ಪೆ ದಪ್ಪವಾಗಿದ್ದು ತಿರುಳು ಹಳದಿಯಾಗಿದ್ದರೆ ಅದು ಬೇರೆ ಬಾಳೆ. ವ್ಯಾಪಾರಿಯೊಡನೆ ಜಗಳ ಬೇಡ, ಅವರೂ ಮಂಡಿಯಿಂದ ಬಂದದ್ದನ್ನು ಮಾರುವವರು. ನಿಜವಾದದ್ದು ಯಾರ ತೋಟದಲ್ಲಿ ಸಿಗುತ್ತದೆ ಎಂದು ಕೇಳಿ, ಅವರಿಗೇ ಹೆಚ್ಚಾಗಿ ಗೊತ್ತಿರುತ್ತದೆ. ತೋಟಕ್ಕೆ ಹೋದರೆ ಮೊದಲು ಕರೆದು ಒಪ್ಪಿಗೆ ಪಡೆಯಿರಿ, ಬಾಗಿಲಲ್ಲಿ ಚಪ್ಪಲಿ ಬಿಡಿ, ನೆನಪಿಗೆಂದು ಕಂದು ಕೇಳಬೇಡಿ. ಎಷ್ಟೋ ಜನ ಹಿತ್ತಲಲ್ಲಿ ನೆಡುವ ಆಸೆಯಿಂದ ಒಂದು ಕಂದನ್ನು ಕಾರಿನ ಹಿಂದೆ ಹಾಕಿಕೊಂಡು ಬರುತ್ತಾರೆ. ಅದರೊಡನೆ ಏನು ಬರುತ್ತದೆ ಎಂಬುದನ್ನು ಈಗಾಗಲೇ ಹೇಳಿದ್ದೇನೆ. ಸಸಿ ಬೇಕೇಬೇಕೆಂದರೆ ಪ್ರಯೋಗಾಲಯದ ಸಸಿಯನ್ನೇ ಕೊಳ್ಳಿ. ಹಣ್ಣಿನ ಬೆಲೆ ಏಲಕ್ಕಿಗಿಂತ ಹೆಚ್ಚಿರುತ್ತದೆ. ಚೌಕಾಸಿ ಮಾಡಬೇಡಿ.

ಸಂಜೆಗೆ ಮತ್ತೆ ಹೊಳೆಯ ದಡಕ್ಕೆ ಬನ್ನಿ. ಐದು ಗಂಟೆಯ ನಂತರ ಗೋಪುರದ ಮೇಲಿನ ಬಿಸಿಲು ಕೆಂಪಾಗಿ, ಏಳು ಕಳಶಗಳು ಮಾತ್ರ ಹೊಳೆಯುತ್ತವೆ. ಚಾಮುಂಡಿಗೂ ನಂಜುಂಡನಿಗೂ ನಡುವಿನ ಒಲವನ್ನು ನಮ್ಮ ಜನಪದರು ಹಾಡಿ ಬೆಳೆಸಿದ್ದಾರೆ, ಬೆಟ್ಟದ ಹೆಣ್ಣಿಗೂ ಹೊಳೆದಡದ ಗಂಡಿಗೂ. ಆ ಹಾಡನ್ನು ನಮ್ಮ ಮನೆಯ ಕೆಲಸಕ್ಕೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಬೀಸುವಾಗ ಹಾಡುತ್ತಿದ್ದುದನ್ನು ಕೇಳಿ ಬೆಳೆದವನು ನಾನು; ದಡದಲ್ಲಿ ಕುಳಿತಾಗ ಹಾಡಿನ ಮಾತುಗಳಿಗಿಂತ ಬೀಸುಕಲ್ಲಿನ ಸದ್ದೇ ಮೊದಲು ನೆನಪಿಗೆ ಬರುತ್ತದೆ. ಆ ಹೊತ್ತಿನಲ್ಲಿ ಘಟ್ಟದಲ್ಲಿ ಹೆಚ್ಚು ಜನರಿಲ್ಲ. ಹಳೆಯ ಸೇತುವೆಯ ಕಮಾನುಗಳು ನೀರಿನಲ್ಲಿ ಅರ್ಧ ಕಾಣುತ್ತವೆ, ಚಾಮರಾಜನಗರದಿಂದ ಬರುವ ಗಾಡಿ ಹೊಸ ಸೇತುವೆಯ ಮೇಲೆ ಸದ್ದು ಮಾಡಿ ಹೋಗುತ್ತದೆ.

ಆ ತೋಟದ ಯಜಮಾನರು ಅಂದು ನನಗೆ ಒಂದು ಚಿಪ್ಪು ಹಣ್ಣು ಕೊಟ್ಟರು, ದುಡ್ಡು ತೆಗೆದುಕೊಳ್ಳಲು ಒಪ್ಪಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ದಡದಲ್ಲಿ ಕುಳಿತು ಎರಡು ತಿಂದೆ. ಐದು ಮನೆಗೆ ತಂದೆ. ಬ್ಯಾಗಿನಲ್ಲಿಯೇ ಮೂರು ಚಿಪ್ಪಿನಿಂದ ಉದುರಿದ್ದವು. ಮೊಮ್ಮಗಳು ಮೊದಲ ತುತ್ತಿಗೆ ಮುಖ ಹಿಂಡಿ, ಇದು ಹುಳಿ ಎಂದಳು, ಆಮೇಲೆ ಉಳಿದದ್ದನ್ನು ತಾನೊಬ್ಬಳೇ ಮುಗಿಸಿದಳು. ಗದ್ದೆಯಾಗಿದ್ದ ಇನ್ನೊಂದು ತುಂಡಿನಲ್ಲಿ ಅವರು ಹೊಸದಾಗಿ ಇಟ್ಟಿದ್ದ ಸಸಿಗಳು ಆಗ ಮೊಣಕಾಲೆತ್ತರ. ಅವು ಗೊನೆ ಬಿಡುವ ಹೊತ್ತಿಗೆ ಅವಳನ್ನೂ ಕರೆದುಕೊಂಡು ರೈಲಿನಲ್ಲಿ ಹೋಗುವುದೆಂದು ಮಾತಾಗಿದೆ. ಹೋಗುವ ಮೊದಲು ಫೋನು ಮಾಡಿ, ಎಲೆಗಳು ಇನ್ನೂ ಹಸಿರಾಗಿವೆಯೇ ಎಂದು ಕೇಳಬೇಕು.